ಅರ್ಥವೇ ಕಾಣದ ಸುಳಿವು ಬಂದಾಗ: ಗೂಢ ಪದಬಂಧದ ಅಪರೂಪದ ವರಸೆಗಳನ್ನು ಬಿಡಿಸುವ ಬಗೆ

ಪದಬಂಧ ಬಿಡಿಸುವ ಗೆಳೆಯರು ಮತ್ತೆ ಮತ್ತೆ ಕೇಳುವ ಪ್ರಶ್ನೆ ಇದು: “ಮಾಮೂಲಿ ಗೂಢ ಸುಳಿವುಗಳನ್ನು ಹೇಗೋ ಬಿಡಿಸ್ತೀವಿ. ಆದರೆ ಕೆಲವು ಸುಳಿವುಗಳಲ್ಲಿ ಅರ್ಥದ ಭಾಗವೇ ಇರೋದಿಲ್ಲ. ಇನ್ನು ಕೆಲವು ಬರೀ ಒಂದೇ ಪದ. ಇವನ್ನು ಎಲ್ಲಿಂದ ಶುರು ಮಾಡೋದು?” ಈ ಲೇಖನ ಅದಕ್ಕೆ ಉತ್ತರ. ಗೂಢ ಪದಬಂಧ ಅಂದರೆ ಇಂಗ್ಲಿಷ್ ಪತ್ರಿಕೆಗಳಲ್ಲಿ ಬರುವ ಕ್ರಿಪ್ಟಿಕ್ ಕ್ರಾಸ್‌ವರ್ಡ್ ಜಾತಿಯದು. ಅಲ್ಲಿ ಸುಳಿವನ್ನು ಇದ್ದಂತೆಯೇ ಓದಿದರೆ ದಾರಿ ತಪ್ಪುತ್ತೇವೆ.

ಮೊದಲ ಪದಬಂಧ 1913ರ ಡಿಸೆಂಬರ್ 21ರಂದು ಅಮೆರಿಕದ ‘ನ್ಯೂಯಾರ್ಕ್ ವರ್ಲ್ಡ್’ ಪತ್ರಿಕೆಯಲ್ಲಿ ಬಂತು. ರಚಿಸಿದವರು ಆರ್ಥರ್ ವಿನ್. ಅದರಲ್ಲಿ ಗೂಢ ಏನೂ ಇರಲಿಲ್ಲ. ಗೂಢದ ರುಚಿ ಹತ್ತಿಸಿದ್ದು ಇಂಗ್ಲೆಂಡಿನವರು. 1926ರಿಂದ ‘ದಿ ಅಬ್ಸರ್ವರ್’ ಪತ್ರಿಕೆಗೆ ‘ಟಾರ್ಕ್ವೆಮಾಡ’ ಎಂಬ ಅಡ್ಡಹೆಸರಿನಲ್ಲಿ ಎಡ್ವರ್ಡ್ ಪೋವಿಸ್ ಮ್ಯಾಥರ್ಸ್ ಪದಬಂಧ ರಚಿಸಿದರು. ಆಮೇಲೆ ಬಂದ ‘ಆಫ್ರಿಟ್’ (ಶಾಲೆಯೊಂದರ ಮುಖ್ಯೋಪಾಧ್ಯಾಯರಾಗಿದ್ದ ಎ. ಎಫ್. ರಿಚಿ) ಮತ್ತು ‘ಝಿಮೆನೀಸ್’ (ಡಿ. ಎಸ್. ಮ್ಯಾಕ್‌ನಟ್) ಈ ಆಟಕ್ಕೆ ನ್ಯಾಯದ ನಿಯಮಗಳನ್ನು ಕೊಟ್ಟರು. ಆಫ್ರಿಟ್ ಹೇಳಿದ್ದರ ತಾತ್ಪರ್ಯ ಇಷ್ಟು: ರಚಿಸುವವನು ಓದುಗನನ್ನು ದಾರಿ ತಪ್ಪಿಸಬಹುದು, ಆದರೆ ಅವನ ಸುಳಿವಿನ ಪದಗಳು ಉತ್ತರವನ್ನು ನಿಜವಾಗಿಯೂ ಹೇಳುತ್ತಿರಬೇಕು. ಈ ಮಾತನ್ನು ನೆನಪಿಡಿ. ಎಷ್ಟೇ ವಿಚಿತ್ರವಾದ ಸುಳಿವಾದರೂ ಅದರಲ್ಲಿ ಉತ್ತರ ಇದ್ದೇ ಇದೆ.

ಕೆಳಗಿನ ಕನ್ನಡ ಸುಳಿವುಗಳನ್ನೆಲ್ಲ ಈ ಲೇಖನಕ್ಕಾಗಿಯೇ ಕಟ್ಟಿದ್ದೇನೆ. ಉತ್ತರ ಓದುವ ಮುಂಚೆ ಒಂದೊಂದರ ಮುಂದೆಯೂ ಸ್ವಲ್ಪ ನಿಲ್ಲಿ.

ಶುರು ಮಾಡುವ ಮುನ್ನ

ಪೆನ್ಸಿಲ್, ರಬ್ಬರ್, ಒಂದು ಖಾಲಿ ಹಾಳೆ ಸಾಕು. ನಿಘಂಟು ಪಕ್ಕದಲ್ಲಿರಲಿ, ಆದರೆ ಉತ್ತರ ಹುಡುಕಲಿಕ್ಕಲ್ಲ, ಹೊಳೆದ ಉತ್ತರವನ್ನು ಪರೀಕ್ಷಿಸಲಿಕ್ಕೆ.

ಮಾಮೂಲಿ ಗೂಢ ಸುಳಿವಿನಲ್ಲಿ ಎರಡು ಭಾಗ. ಒಂದು ಉತ್ತರದ ಅರ್ಥ. ಇನ್ನೊಂದು ಅಕ್ಷರಗಳ ಆಟ. ಅರ್ಥ ಸುಳಿವಿನ ಶುರುವಿನಲ್ಲೋ ಕೊನೆಯಲ್ಲೋ ಇರುತ್ತದೆ, ನಡುವೆ ಇರುವುದಿಲ್ಲ. ಉದಾಹರಣೆಗೆ:

*ಹಳ್ಳಿಯ ಫುಟ್‌ಬಾಲ್ ಅಂಕವೇ ಅಜ್ಜನಿಗೆ ಆಸರೆ (4)*

ಹಳ್ಳಿ ಅಂದರೆ ಊರು. ಫುಟ್‌ಬಾಲ್ ಅಂಕ ಅಂದರೆ ಗೋಲು. ಅಜ್ಜನಿಗೆ ಆಸರೆ ಊರುಗೋಲು. ಆವರಣದಲ್ಲಿರುವ 4 ಉತ್ತರ ತುಂಬುವ ಮನೆಗಳ ಸಂಖ್ಯೆ.

ಈ ಮನೆಗಳ ಲೆಕ್ಕದಲ್ಲಿ ತುಂಬಾ ಜನ ಎಡವುತ್ತಾರೆ. ಕನ್ನಡದಲ್ಲಿ ಒಂದು ಮನೆಗೆ ಒಂದು ಪೂರ್ತಿ ಅಕ್ಷರ. ಕಾಗುಣಿತ, ಒತ್ತು, ಸೊನ್ನೆ ಎಲ್ಲವೂ ಅದರ ಜೊತೆಗೇ ಬರುತ್ತವೆ. ‘ಪದಬಂಧ’ಕ್ಕೆ ನಾಲ್ಕು ಮನೆ: ಪ, ದ, ಬಂ, ಧ. ‘ಕರ್ನಾಟಕ’ಕ್ಕೂ ನಾಲ್ಕೇ: ಕ, ರ್ನಾ, ಟ, ಕ. ಹಾಗಾಗಿ ಕರ್ನಾಟಕದೊಳಗೆ ‘ನಾಟಕ’ ಅಡಗಿದೆ ಎಂದು ಕಿವಿ ಹೇಳಿದರೂ ಮನೆಗಳು ಒಪ್ಪುವುದಿಲ್ಲ. ಎರಡನೇ ಮನೆಯಲ್ಲಿರುವುದು ‘ನಾ’ ಅಲ್ಲ, ‘ರ್ನಾ’.

ಹಂತ 1: ಅರ್ಥ ಎಲ್ಲಿ ಕೂತಿದೆ ಎಂದು ಕೇಳಿ

ಅಪರೂಪದ ಸುಳಿವುಗಳಿಗೆ ಹಲವು ಹೆಸರುಗಳಿವೆ. ಅವನ್ನೆಲ್ಲ ಬಾಯಿಪಾಠ ಮಾಡಬೇಕಿಲ್ಲ. ನನ್ನ ಪ್ರಕಾರ ಕೇಳಬೇಕಾದ ಪ್ರಶ್ನೆ ಒಂದೇ: ಇಲ್ಲಿ ಅರ್ಥ ಎಲ್ಲಿದೆ? ತುದಿಯಲ್ಲಿದ್ದರೆ ಅದು ಮಾಮೂಲಿ ಸುಳಿವು, ಅಕ್ಷರದ ಆಟ ಮಾತ್ರ ಹೊಸದಿರಬಹುದು. ಇಡೀ ಸುಳಿವೇ ಅರ್ಥವಾಗಿದ್ದರೆ ಒಂದು ದಾರಿ. ಆಟ ಉತ್ತರದೊಳಗೆ ಅಡಗಿದ್ದರೆ ಇನ್ನೊಂದು. ಅರ್ಥ ಎಲ್ಲೂ ಇಲ್ಲದಿದ್ದರೆ ಮತ್ತೊಂದು. ಯಾವ ದಾರಿ ಎಂದು ಗೊತ್ತಾಗುವ ತನಕ ಅಕ್ಷರಗಳನ್ನು ಕಲಕಲು ಹೋಗಬೇಡಿ, ಸುಮ್ನೆ ಸಮಯ ಹಾಳು.

ಹಂತ 2: ಕಾಗುಣಿತದ ಹೆಸರುಗಳನ್ನು ಹುಡುಕಿ

ಇದು ಕನ್ನಡದಂಥ ಕಾಗುಣಿತದ ಲಿಪಿಗಳಿಗೆ ಸೇರಿದ ವರಸೆ, ಇಂಗ್ಲಿಷಿನಲ್ಲಿ ಸಾಧ್ಯವಿಲ್ಲ. ಪ್ರಾಥಮಿಕ ಶಾಲೆಯಲ್ಲಿ ಕಲಿತ ಹೆಸರುಗಳನ್ನು ನೆನಪು ಮಾಡಿಕೊಳ್ಳಿ: ತಲೆಕಟ್ಟು, ಇಳಿ, ಗುಡಿಸು, ಕೊಂಬು, ವಟ್ರಸುಳಿ, ಎತ್ವ, ಒತ್ವ, ಸೊನ್ನೆ, ದೀರ್ಘ, ಒತ್ತು. ಇವುಗಳಲ್ಲಿ ಹೆಚ್ಚಿನವಕ್ಕೆ ಬೇರೆ ಅರ್ಥವೂ ಇದೆ. ಇಳಿ ಅಂದರೆ ಕೆಳಗೆ ಬಾ. ಗುಡಿಸು ಅಂದರೆ ಕಸ ಹೊಡೆ. ಕೊಂಬು ಪ್ರಾಣಿಯ ತಲೆಯ ಮೇಲಿರುತ್ತದೆ. ರಚನೆಕಾರರಿಗೆ ಇದಕ್ಕಿಂತ ಒಳ್ಳೆ ಸಾಮಗ್ರಿ ಬೇಕಾ?

*ಕೊಂಬು ಕಳೆದುಕೊಂಡ ಕುರಿ ಆನೆಯಾಯಿತು (2)*

‘ಕುರಿ’ಯ ಮೊದಲ ಅಕ್ಷರಕ್ಕೆ ಕೊಂಬು ಇದೆ. ಅದು ಹೋದರೆ ‘ಕರಿ’. ಕರಿ ಅಂದರೆ ಆನೆ.

*ಮೊದಲಲ್ಲೇ ಸೊನ್ನೆ ತೆಗೆದ ಮಗ, ಕೋತಿ (2)*

ಉತ್ತರ ಮಂಗ. ಪರೀಕ್ಷೆಯಲ್ಲಿ ‘ಸೊನ್ನೆ ತೆಗೆದ’ ಅಂದರೆ ಸೊನ್ನೆ ಪಡೆದ ಎಂದಲ್ವಾ? ಹಾಗೆ ‘ಮ’ ಪಕ್ಕ ಸೊನ್ನೆ ಬಂತು.

ಎಚ್ಚರಿಕೆ: ಅದೇ ‘ಸೊನ್ನೆ ತೆಗೆದ’ ಎಂಬುದಕ್ಕೆ ‘ಸೊನ್ನೆ ಕಿತ್ತುಹಾಕಿದ’ ಎಂಬ ಅರ್ಥವೂ ಇದೆ. ಆಗ ಮಂಗನಿಂದ ಮಗ ಬರುತ್ತಾನೆ. ಯಾವುದು ಕಚ್ಚಾ ಪದ, ಯಾವುದು ಉತ್ತರ ಎಂದು ವಾಕ್ಯ ನೋಡಿಯೇ ತೀರ್ಮಾನಿಸಬೇಕು. ಇಲ್ಲಿ ‘ತೆಗೆದ’ ಎಂಬುದು ‘ಮಗ’ನಿಗೆ ಅಂಟಿಕೊಂಡಿದೆ. ಆದ್ದರಿಂದ ಮಗ ಕಚ್ಚಾ ಪದ, ಬಿಡಿಯಾಗಿ ನಿಂತ ಕೋತಿ ಅರ್ಥ.

ಹಂತ 3: ತಿರುಗುವ ಪದಗಳು

ಹಿಂದುಮುಂದಾಗುವ ಸುಳಿವು ಹೊಸದೇನಲ್ಲ. ನದಿ ತಿರುಗಿದರೆ ದಿನ, ಪಿಕ ತಿರುಗಿದರೆ ಕಪಿ. ಅದು ಇನ್ನೊಂದು ಆಟದ ಜೊತೆ ಸೇರಿದಾಗ ಕಷ್ಟ ಜಾಸ್ತಿ.

*ನದಿ ಹಿಂದಿರುಗಿ ವಾರದ ಮೊದಲನ್ನು ನುಂಗಿತು. ಮೈಸೂರಿನಲ್ಲಿ ವಿಶ್ವೇಶ್ವರಯ್ಯ 1912ರಿಂದ 1918ರವರೆಗೆ ಹೊತ್ತ ಹುದ್ದೆ (3)*

ನದಿ ತಿರುಗಿ ‘ದಿನ’ ಆಯಿತು. ವಾರದ ಮೊದಲು ‘ವಾ’, ಸೋಮವಾರವೂ ಅಲ್ಲ ಭಾನುವಾರವೂ ಅಲ್ಲ. ಅದನ್ನು ದಿನ ನುಂಗಿದರೆ ದಿವಾನ. ‘ನುಂಗು’, ‘ಹಿಡಿ’, ‘ಅಪ್ಪು’, ‘ಸುತ್ತುವರಿ’ ಕಂಡರೆ ಒಂದು ಪದ ಇನ್ನೊಂದರ ಹೊಟ್ಟೆಯಲ್ಲಿದೆ ಎಂದು ತಿಳಿಯಿರಿ.

ಮೇಲಿನಿಂದ ಕೆಳಕ್ಕೆ ತುಂಬುವ ಸುಳಿವುಗಳಲ್ಲಿ ‘ಹಿಂದಿರುಗಿ’ ಎಂದೇ ಬರಬೇಕಿಲ್ಲ. ‘ಏರು’, ‘ಹತ್ತು’, ‘ಏಳು’ ಎಂದೂ ಬರುತ್ತದೆ. ಹತ್ತು ಮತ್ತು ಏಳನ್ನು ಅಂಕಿ ಎಂದುಕೊಂಡರೆ ಅಲ್ಲೇ ಸಿಕ್ಕಿಬಿದ್ದಿರಿ.

ಇದೇ ಕುಟುಂಬದ ಅಪರೂಪದ ಸದಸ್ಯ ಎರಡೂ ಕಡೆಯಿಂದ ಒಂದೇ ಆಗಿರುವ ಪದ.

*ವೀರನಾರಾಯಣನ ಊರಿಗೆ ಹೋಗುವುದೂ ಒಂದೇ, ಬರುವುದೂ ಒಂದೇ (3)*

ಗದಗ. ಇಲ್ಲಿ ಆಟದ ಭಾಗ ಒಂದೇ ಒಂದು ಅಕ್ಷರವನ್ನೂ ಕೊಡುವುದಿಲ್ಲ, ಪದದ ಆಕಾರವನ್ನಷ್ಟೇ ಹೇಳುತ್ತದೆ. ಆದರೆ ಒಂದು ಅನುಕೂಲ ಇದೆ. ಅಡ್ಡ ಹಾಯುವ ಪದದಿಂದ ಮೊದಲ ಮನೆ ತುಂಬಿದರೆ ಕೊನೆಯ ಮನೆಯೂ ತುಂಬಿದಂತೆ. ಕನಕ, ನಯನ, ಜಲಜ, ವಿಕಟಕವಿ ಮುಂತಾದವನ್ನು ಒಂದು ಕಡೆ ಬರೆದಿಟ್ಟುಕೊಳ್ಳಿ.

ಹಂತ 4: ಇಡೀ ಸುಳಿವೇ ಅರ್ಥವಾದಾಗ

ಗೂಢ ಪದಬಂಧದಲ್ಲಿ ನನಗೆ ಅತಿ ಇಷ್ಟವಾದ ಜಾತಿ ಇದು. ಇಂಗ್ಲಿಷ್ ಬಿಡಿಸುವವರು ಇದನ್ನು ‘ಆ್ಯಂಡ್‌ಲಿಟ್’ ಎನ್ನುತ್ತಾರೆ. ಅಂದರೆ ಅಕ್ಷರದ ಆಟವಾಗಿಯೂ ಓದಬಹುದು, ಇದ್ದಂತೆಯೂ ಓದಬಹುದು. ಎರಡೂ ಓದು ಒಂದೇ ಉತ್ತರಕ್ಕೆ ಬರಬೇಕು.

*ಕೊನೆಯಿಲ್ಲದ ಅರಸನ ಮನೆ (4)*

ಆಟವಾಗಿ ಓದಿ: ‘ಅರಸ’ನ ಕೊನೆ ತೆಗೆದರೆ ‘ಅರ’, ಅದಕ್ಕೆ ‘ಮನೆ’ ಸೇರಿಸಿದರೆ ಅರಮನೆ. ಇದ್ದಂತೆ ಓದಿ: ಅರಸನ ಮನೆ ಅರಮನೆಯೇ. ಅರ್ಥ ಬೇರೆ, ಆಟ ಬೇರೆ ಎಂದು ಗೆರೆ ಎಳೆಯಲು ಹೋದರೆ ಗೆರೆ ಎಲ್ಲೂ ನಿಲ್ಲುವುದಿಲ್ಲ. ಅದೇ ಇದರ ಗುರುತು.

ಇದರದ್ದೇ ಅರ್ಧ ರೂಪವೂ ಇದೆ. ಅದರಲ್ಲಿ ಇಡೀ ಸುಳಿವು ಅರ್ಥ, ಆದರೆ ಆಟ ಒಂದು ತುಂಡಿನಲ್ಲಿ ಮಾತ್ರ.

*ಸದಾ ತಿರುಗುತ್ತಿದ್ದ ಹರಿಭಕ್ತ (2)*

‘ಸದಾ’ ತಿರುಗಿದರೆ ‘ದಾಸ’. ಮನೆಯಿಂದ ಮನೆಗೆ, ಊರಿಂದ ಊರಿಗೆ ಹಾಡುತ್ತಾ ತಿರುಗಿದ ಹರಿದಾಸರ ಚಿತ್ರವೂ ಇಡೀ ಸುಳಿವಿನಲ್ಲಿ ಇದೆ. ಇಂಥದ್ದನ್ನು ಬಿಡಿಸಿದ ಮೇಲೆ ತಕ್ಷಣ ಮುಂದೆ ಹೋಗಬೇಡಿ, ಇನ್ನೊಮ್ಮೆ ಓದಿ.

ಎಚ್ಚರಿಕೆ: ಉತ್ಸಾಹದಲ್ಲಿ ಎಲ್ಲ ಸುಳಿವುಗಳನ್ನೂ ಈ ಜಾತಿಗೆ ಸೇರಿಸಬೇಡಿ. ಕೆಲವರು ಸುಳಿವಿನ ಕೊನೆಗೆ ಆಶ್ಚರ್ಯಸೂಚಕ ಚಿಹ್ನೆ ಹಾಕಿ ಸೂಚನೆ ಕೊಡುತ್ತಾರೆ. ಆದರೆ ಆ ಚಿಹ್ನೆಯನ್ನು ಬೇರೆ ಕಾರಣಕ್ಕೂ ಹಾಕುತ್ತಾರೆ.

ಹಂತ 5: ಆಟ ಉತ್ತರದೊಳಗೆ ಇದ್ದರೆ

ಸುಳಿವು ತೀರಾ ಚಿಕ್ಕದಾಗಿ, ಅರ್ಥವಿಲ್ಲದ ಅಕ್ಷರಗಳಂತೆ ಕಂಡರೆ ಈ ವರಸೆಯನ್ನು ನೆನೆಯಿರಿ. ಇಂಗ್ಲಿಷಿನಲ್ಲಿ ತುಂಬಾ ಹೆಸರಾದ ಎರಡು ಉದಾಹರಣೆಗಳಿವೆ. ಒಂದು, ಜಿ-ಇ-ಜಿ-ಎಸ್ ಎಂಬ ನಾಲ್ಕೇ ಅಕ್ಷರ, ಮುಂದೆ (9, 4) ಎಂಬ ಸಂಖ್ಯೆ. ಉತ್ತರ ‘ಸ್ಕ್ರ್ಯಾಂಬಲ್ಡ್ ಎಗ್ಸ್’, ಅಂದರೆ ಕಲಕಿದ ಮೊಟ್ಟೆ. ‘ಎಗ್ಸ್’ ಪದದ ಅಕ್ಷರಗಳನ್ನು ಕಲಕಿದರೆ ಸುಳಿವೇ ಸಿಗುತ್ತದೆ. ಇನ್ನೊಂದು, ಎಚ್-ಐ-ಜೆ-ಕೆ-ಎಲ್-ಎಂ-ಎನ್-ಒ (5). ಇದು ‘ಎಚ್‌ನಿಂದ ಒ ವರೆಗೆ’. ಇಂಗ್ಲಿಷಿನಲ್ಲಿ ಹಾಗೆ ಹೇಳಿದರೆ ನೀರಿನ ರಾಸಾಯನಿಕ ಸೂತ್ರ ‘ಎಚ್ ಟು ಒ’ ಕೇಳಿಸುತ್ತದೆ. ಉತ್ತರ ‘ವಾಟರ್’.

ಕನ್ನಡದಲ್ಲಿ ಒಂದು ನೋಡೋಣ.

*ಲೆತ (5)*

ಇಷ್ಟೇ ಸುಳಿವು. ಇದು ‘ತಲೆ’ ತಿರುಗಿದ ರೂಪ ಅಲ್ವಾ? ಹಾಗಾದರೆ ಉತ್ತರ ‘ತಲೆತಿರುಗು’. ‘ತಲೆಸುತ್ತು’ ಯಾಕಾಗಬಾರದು? ಅದಕ್ಕೆ ನಾಲ್ಕೇ ಮನೆ: ತ, ಲೆ, ಸು, ತ್ತು. ಸರಿ, ‘ತಲೆಕೆಳಗು’? ಅದಕ್ಕೂ ಐದು ಮನೆ ಬೇಕು, ಮೇಲಿನಿಂದ ಕೆಳಕ್ಕೆ ತುಂಬುವ ಸುಳಿವಾದರೆ ಆಟಕ್ಕೂ ಸರಿಹೊಂದುತ್ತದೆ! ಎರಡೂ ‘ತಲೆ’ಯಿಂದ ಶುರುವಾಗಿ ‘ಗು’ವಿನಲ್ಲಿ ಮುಗಿಯುತ್ತವೆ. ಮೂರನೇ ಅಥವಾ ನಾಲ್ಕನೇ ಮನೆಗೆ ಅಡ್ಡಪದದ ಅಕ್ಷರ ಬರುವ ತನಕ ಪೆನ್ಸಿಲಿನಲ್ಲೇ ಬರೆದಿಡಿ.

ಬಿಡಿಸುವ ಕ್ರಮ ಹೀಗೆ: ಸುಳಿವಿನ ಅಕ್ಷರಗಳನ್ನು ನೇರ ಪದವಾಗಿಸಿ. ಆ ಪದಕ್ಕೆ ಏನಾಗಿದೆ ಎಂದು ಕ್ರಿಯಾಪದದಲ್ಲಿ ಹೇಳಿ: ತಿರುಗಿದೆ, ಮುರಿದಿದೆ, ಕಲಸಿದೆ, ಬಾಲ ಹೋಗಿದೆ. ಪದ ಮತ್ತು ಕ್ರಿಯೆ ಸೇರಿ ರೂಢಿಯ ಮಾತು ಆಗುತ್ತದಾ ನೋಡಿ.

ಇದರ ದೂರದ ಸಂಬಂಧಿಯೊಂದಿದೆ. ಉತ್ತರಕ್ಕೆ ಏನನ್ನೋ ಸೇರಿಸಿ ಕಲಕಿದರೆ ಬೇರೊಂದು ಪದ ಬರುತ್ತದೆ ಎಂದು ಅದು ಹೇಳುತ್ತದೆ. *ಯಾರೋ ಮೊದಲು ಬಂದು ಗಲಾಟೆ ಮಾಡಿದರೆ ಇದು ಗಡಿಯಾರವಾಗುತ್ತದೆ. ಪೈಲ್ವಾನರು ಸೇರುವ ಜಾಗ (3).* ‘ಯಾರೋ’ ಮೊದಲು ಅಂದರೆ ‘ಯಾ’. ಗಡಿಯಾರದಿಂದ ‘ಯಾ’ ಕಳೆದು ಉಳಿದದ್ದನ್ನು ಜೋಡಿಸಿದರೆ ಗರಡಿ. ಇಂಥ ಕಡೆ ಯಾವಾಗಲೂ ಹಿಂದಿನಿಂದ ಲೆಕ್ಕ ಹಾಕಿ, ದೊಡ್ಡ ಪದದಿಂದ ಕಳೆಯಿರಿ. ‘ಇದು’, ‘ಇಲ್ಲಿ’, ‘ನಾನು’ ಎಂಬ ಪದಗಳು ಉತ್ತರವನ್ನೇ ಬೆರಳು ಮಾಡಿ ತೋರಿಸುತ್ತಿರುತ್ತವೆ.

ಹಂತ 6: ಕಿವಿಯಿಂದ ಓದಬೇಕಾದವು

ಕನ್ನಡವನ್ನು ಹೇಗೆ ಬರೆಯುತ್ತೇವೋ ಹೆಚ್ಚುಕಮ್ಮಿ ಹಾಗೇ ಓದುತ್ತೇವೆ. ಹಾಗಾಗಿ ಇಂಗ್ಲಿಷಿನಷ್ಟು ‘ಒಂದೇ ಉಲಿ, ಬೇರೆ ಬರಹ’ದ ಜೋಡಿಗಳು ಸಿಗುವುದಿಲ್ಲ. ಆದರೆ ನಮ್ಮ ಊರೂರಿನ ನುಡಿ ಆ ಕೊರತೆ ತುಂಬುತ್ತದೆ. ಲಂಡನ್ನಿನ ಕಾಕ್ನಿ ನುಡಿಯಲ್ಲಿ ಪದದ ಮೊದಲ ‘ಎಚ್’ ಬಿಟ್ಟುಹೋಗುವುದನ್ನು ಇಂಗ್ಲಿಷ್ ರಚನೆಕಾರರು ಬಳಸುವಂತೆ, ನಾವು ಮಂಡ್ಯ, ಮೈಸೂರು ಕಡೆಯ ಹಳ್ಳಿಗಳಲ್ಲಿ ಹಾಲು ‘ಆಲು’ ಆಗುವುದನ್ನು ಬಳಸಬಹುದು.

*ಮಂಡ್ಯದ ಹೊಲದಲ್ಲಿ ಆಶೀರ್ವದಿಸು ಎಂದರೆ ದೊರೆ (3)*

ಹರಸು, ಹಕಾರ ಹೋದರೆ ಅರಸು. ಕಾಲದಲ್ಲಿ ಹಿಂದಕ್ಕೂ ಹೋಗಬಹುದು. ಹಳಗನ್ನಡದ ಪಕಾರ ಎಷ್ಟೋ ಪದಗಳಲ್ಲಿ ಇಂದಿನ ಹಕಾರವಾಗಿದೆ. *ಹಳಗನ್ನಡದಲ್ಲಿ ಹಾಡು ಎಂದರೆ ನಮ್ಮ ಸ್ಥಿತಿ (2).* ಉತ್ತರ ಪಾಡು.

ಎಚ್ಚರಿಕೆ: ಊರಿನ ಹೆಸರು ಕಂಡ ಕೂಡಲೇ ನುಡಿಯ ಆಟ ಎಂದು ತೀರ್ಮಾನಿಸಬೇಡಿ. ‘ಎಂದರೆ’, ‘ಕೇಳಿಸಿತು’, ‘ಬಾಯಲ್ಲಿ’ ಎಂಬಂಥ ಸೂಚನೆ ಜೊತೆಗೆ ಇರಲೇಬೇಕು. ಇಲ್ಲದಿದ್ದರೆ ಊರು ಬರೀ ಊರೇ.

ಇನ್ನೊಂದು ‘ಸ್ಪೂನರ್’ ಸುಳಿವು. ಆಕ್ಸ್‌ಫರ್ಡಿನ ನ್ಯೂ ಕಾಲೇಜಿನಲ್ಲಿದ್ದ ವಿಲಿಯಂ ಆರ್ಚಿಬಾಲ್ಡ್ ಸ್ಪೂನರ್ (1844–1930) ಮಾತಿನ ಭರದಲ್ಲಿ ಎರಡು ಪದಗಳ ಮೊದಲ ಉಲಿಗಳನ್ನು ಅದಲುಬದಲು ಮಾಡುತ್ತಿದ್ದರೆಂದು ಹೆಸರಾದವರು. ಸುಳಿವಿನಲ್ಲಿ ಅವರ ಹೆಸರು ಬಂದರೆ ಬೇರೆ ಯೋಚನೆಯೇ ಬೇಡ.

*ಕೈಗೆ ತೊಡಿಸುವುದನ್ನು ಗಾಡಿಗೆ ತುಂಬು ಎಂದ ಸ್ಪೂನರ್‌ಗೆ ಹೊಸ ಚಿಗುರಿನ ಆಧಾರ ಕಾಣಿಸಿತು (2, 2)*

ಕೈಗೆ ತೊಡಿಸುವುದು ಬಳೆ. ಗಾಡಿಗೆ ತುಂಬು ಅಂದರೆ ಹೇರು. ‘ಬಳೆ ಹೇರು’ ಅದಲುಬದಲಾದರೆ ‘ಹಳೆ ಬೇರು’. ಗಮನಿಸಿ, ಬದಲಾಗುವುದು ವ್ಯಂಜನ ಮಾತ್ರ. ಕಾಗುಣಿತ ಇದ್ದಲ್ಲೇ ಇರುತ್ತದೆ. ಇಡೀ ಅಕ್ಷರವನ್ನೇ ಬದಲಿಸಿದರೆ ‘ಹೇಳೆ ಬರು’ ಎಂದಾಗಿ ಎಲ್ಲೂ ತಲುಪುವುದಿಲ್ಲ.

ಹಂತ 7: ಮುದ್ರಾರಾಕ್ಷಸನ ಸುಳಿವು

ಅತಿ ಕಷ್ಟದ್ದು, ಅತಿ ಚೆಂದದ್ದು. ಇದನ್ನು ಕಂಡುಹಿಡಿದವರು ಮೊದಲು ಹೇಳಿದ ಆಫ್ರಿಟ್. ಅಚ್ಚಿನ ತಪ್ಪನ್ನು ನಾವು ಮುದ್ರಾರಾಕ್ಷಸನ ತಲೆಗೆ ಕಟ್ಟುತ್ತೇವೆ. ಇಲ್ಲಿ ಆ ರಾಕ್ಷಸ ಒಂದು ಸರಿಯಾದ ವಾಕ್ಯದಿಂದ ಉತ್ತರದ ಅಕ್ಷರಗಳನ್ನು ಹಾಗೇ ಎತ್ತಿಬಿಟ್ಟಿದ್ದಾನೆ. ಉಳಿದದ್ದನ್ನು ಒತ್ತಿ ಸೇರಿಸಿ, ಪದಗಳ ನಡುವಿನ ಜಾಗವನ್ನೂ ಬದಲಿಸಿದ್ದಾನೆ. ಉತ್ತರದ ಅರ್ಥ ಸುಳಿವಿನಲ್ಲಿ ಎಲ್ಲೂ ಇಲ್ಲ. ನಿಮ್ಮ ಕೆಲಸ ಮೂಲ ವಾಕ್ಯವನ್ನು ಮರಳಿ ಕಟ್ಟುವುದು.

*ನಾ ಗಡಿಯಲ್ಲಿ ಬೆಳೆದೆ (3)*

ಮೊದಲು ಜಾಗಗಳನ್ನೆಲ್ಲ ತೆಗೆದು ಒಂದೇ ಸಾಲಾಗಿ ಬರೆಯಿರಿ: ನಾಗಡಿಯಲ್ಲಿಬೆಳೆದೆ. ಕಣ್ಣಿಗೆ ಕಟ್ಟಿದ ‘ಗಡಿ’ ಈಗ ಬಿಟ್ಟುಹೋಗುತ್ತದೆ.

ಆಮೇಲೆ ಎರಡೆರಡು ಅಕ್ಷರಗಳ ನಡುವೆ ಪೆನ್ಸಿಲ್ ಇಟ್ಟು, ಬಿರುಕು ಇಲ್ಲಿದೆಯಾ ಎಂದು ಕೇಳುತ್ತಾ ಹೋಗಿ. ಬಿರುಕಿನ ಎಡಕ್ಕೆ ಉಳಿದದ್ದು ಯಾವುದೋ ಪದದ ತಲೆ, ಬಲಕ್ಕೆ ಉಳಿದದ್ದು ಇನ್ನೊಂದರ ಬಾಲ. ‘ನಾ’ ಆದ ಮೇಲೆ ಬಿರುಕೇ? ‘ನಾಗ’ ಆದ ಮೇಲೆಯೇ? ನಾಗ ಒಂದು ಹೆಸರು, ಹಾಗಾಗಿ ಅಲ್ಲಿ ನಿಲ್ಲೋಣ. ಬಲಕ್ಕೆ ‘ಡಿಯಲ್ಲಿ ಬೆಳೆದೆ’. ‘ಡಿಯಲ್ಲಿ’ ಎಂದು ಮುಗಿಯುವ, ಒಬ್ಬ ಬೆಳೆಯಬಹುದಾದ ಜಾಗ ಯಾವುದು? ಗುಡಿಯಲ್ಲಿ, ಹಾಡಿಯಲ್ಲಿ, ಗರಡಿಯಲ್ಲಿ. ನಾಗನ ಗರಡಿಯಲ್ಲಿ ಬೆಳೆದೆ! ಎತ್ತಿಹೋದ ಅಕ್ಷರಗಳು ನ, ಗ, ರ. ಉತ್ತರ ನಗರ.

ಉತ್ತರ ಎರಡು ಪದಗಳ ಮೇಲೆ ಹರಡಿಕೊಂಡಿದೆ, ಗಮನಿಸಿದಿರಾ? ‘ನಾಗನ’ ಪದದ ಬಾಲ, ‘ಗರಡಿ’ಯ ತಲೆ. ಒಳ್ಳೆಯ ಮುದ್ರಾರಾಕ್ಷಸ ಸುಳಿವು ಹೀಗೇ ಇರುತ್ತದೆ. ನಮ್ಮ ಭಾಷೆ ಇದಕ್ಕೆ ತುಂಬಾ ಒಗ್ಗುತ್ತದೆ ಎಂಬುದು ನನ್ನ ಅಭಿಪ್ರಾಯ. ವಿಭಕ್ತಿಗಳು ಪದದ ಕೊನೆಗೆ ಅಂಟಿಕೊಂಡೇ ಬರುವುದರಿಂದ ‘ನ’, ‘ರ’, ‘ಗೆ’, ‘ದ’ ಅಕ್ಷರಗಳು ಬಿರುಕಿನ ಹತ್ತಿರ ಧಾರಾಳವಾಗಿ ಸಿಗುತ್ತವೆ. ಉತ್ತರದ ಮೊದಲ ಅಕ್ಷರ ಇವುಗಳಲ್ಲಿ ಒಂದಾಗಿದ್ದರೆ, ಹಿಂದಿನ ಪದಕ್ಕೆ ಅದನ್ನು ವಿಭಕ್ತಿಯಾಗಿ ಅಂಟಿಸಿ ನೋಡಿ. ಬೀಗ ತೆರೆಯುವುದು ಹೆಚ್ಚಾಗಿ ಅಲ್ಲೇ.

ಇಲ್ಲೊಂದು ಗುಂಡಿ ಇದೆ. *ಅರಮನೆಗೆ ಹೋದೆ (2)* ಎಂಬ ಸುಳಿವು ಕೊಟ್ಟರೆ ಏನು? ಮೂಲ ವಾಕ್ಯ ‘ಅರಸರ ಮನೆಗೆ ಹೋದೆ’. ಎತ್ತಿಹೋದದ್ದು ‘ಸರ’. ಆದರೆ ‘ರಸ’ ಎಂದರೂ ತಪ್ಪಲ್ಲ! ಅ-ರ-ಸ-ರ-ಮ-ನೆ ಸಾಲಿನಿಂದ ರ-ಸ ತೆಗೆದರೂ, ಸ-ರ ತೆಗೆದರೂ ಉಳಿಯುವುದು ಅರಮನೆಯೇ. ನ್ಯಾಯವಾಗಿ ರಚಿಸುವವರು ಇಂಥ ಸುಳಿವನ್ನು ಕೈಬಿಡಬೇಕು. ಬಂದೇಬಿಟ್ಟರೆ ಅಡ್ಡಪದಗಳ ಮೇಲೆಯೇ ಭರವಸೆ ಇಡಿ.

ಹಂತ 8: ಮಸಿಯಲ್ಲಿ ಬರೆಯುವ ಮುನ್ನ

ಉತ್ತರ ಹೊಳೆದ ಮೇಲೆ ಸುಳಿವಿನ ಒಂದೊಂದು ಪದವನ್ನೂ ಮುಟ್ಟಿ, ‘ನೀನು ಯಾಕೆ ಇಲ್ಲಿದ್ದೀಯ’ ಎಂದು ಕೇಳಿ. ಯಾವುದಾದರೂ ಪದಕ್ಕೆ ಕೆಲಸವೇ ಇಲ್ಲದಿದ್ದರೆ ನಿಮ್ಮ ಉತ್ತರ ತಪ್ಪಿರಬಹುದು. ಮನೆಗಳನ್ನು ಇನ್ನೊಮ್ಮೆ ಎಣಿಸಿ. ಹ್ರಸ್ವ, ದೀರ್ಘ ನೋಡಿ. ಅರಸ, ಅರಸು ಎಂಬಂಥ ಜೋಡಿಗಳಲ್ಲಿ ಕೊನೆಯ ಅಕ್ಷರ ಯಾವುದೆಂದು ಆಟದ ಭಾಗವೇ ಹೇಳಬೇಕು, ನಿಮ್ಮ ಅಭ್ಯಾಸವಲ್ಲ.

ಕೈ ಪಳಗಿಸಲು ಐದು

1. ಮರದಿಂದ ಮೊದಲು ಇಳಿ, ಮನ್ಮಥ (2)
2. ದೊರೆಯ ತುಣುಕು ಕೃಷ್ಣಾ–ತುಂಗಭದ್ರಾ ನಡುವೆ (4)
3. ಏಳುತ್ತಿರುವ ಕೋಗಿಲೆ ಮಂಗನಂತೆ ಕಂಡಿತು (ಮೇಲಿನಿಂದ ಕೆಳಕ್ಕೆ, 2)
4. ಮಂಡ್ಯದವರ ಬಾಯಲ್ಲಿ ಹಿಂದಿನ ಕಾಲದ್ದು, ಟೇಪು ಹಿಡಿದು ಮಾಡು (2)
5. ಕಾಡು ಸುತ್ತಿ ಬಂದರೆ ಹೊಸತು (2)

ಉತ್ತರಗಳು: 1. ಮಾರ. ‘ಮರ’ದ ಮೊದಲ ಅಕ್ಷರಕ್ಕೆ ಇಳಿ ಕೊಡಬೇಕು. 2. ರಾಯಚೂರು. ರಾಯ ಮತ್ತು ಚೂರು, ಎರಡು ನದಿಗಳ ನಡುವಿನ ಜಿಲ್ಲೆ. 3. ಕಪಿ. ‘ಪಿಕ’ ಕೆಳಗಿನಿಂದ ಮೇಲೆದ್ದಿದೆ. 4. ಅಳೆ. ‘ಹಳೆ’ಯ ಹಕಾರ ಹೋಗಿದೆ. 5. ನವ. ‘ವನ’ ಸುತ್ತಿ ಬಂದಿದೆ.